ಯುವನಿಧಿಯೋ, ಅಪ್ರೆಂಟಿಸ್‌ಷಿಪ್ಪೋ, ಸಾಲವೋ: ಅರ್ಜಿಗೆ ಮುಂಚೆ ಲೆಕ್ಕ

ಪದವಿಯ ಫಲಿತಾಂಶ ಬಂದ ಮರುದಿನದಿಂದಲೇ ಮನೆಯವರು, ನೆರೆಯವರು, ವಾಟ್ಸ್‌ಆ್ಯಪ್ ಗುಂಪುಗಳು ಎಲ್ಲರದೂ ಒಂದೇ ಮಾತು: 'ಸರ್ಕಾರದ ಯೋಜನೆ ಎಷ್ಟೊಂದಿವೆ, ಎಲ್ಲದಕ್ಕೂ ಅರ್ಜಿ ಹಾಕು.' ಎಲ್ಲದಕ್ಕೂ ಹಾಕಬಾರದು. ಯುವಜನರಿಗಾಗಿ ಇರುವ ಯೋಜನೆಗಳಲ್ಲಿ ಹಲವು ಒಂದನ್ನು ಪಡೆದರೆ ಇನ್ನೊಂದಕ್ಕೆ ಅನರ್ಹರಾಗುವಂಥವು. ತಿಂಗಳಿಗೆ ಒಂದೂವರೆ ಸಾವಿರ ಕೈಗೆ ಬಂತೆಂದು ಹಿಗ್ಗಿದವರು ಅದಕ್ಕಿಂತ ಹೆಚ್ಚು ಸಿಗುವ ದಾರಿಯನ್ನು ಮರೆತುಬಿಡುವುದುಂಟು. ಇನ್ನು ಕೆಲವರಿಗೆ ಅರ್ಜಿ ಮಂಜೂರಾಗಿರುತ್ತದೆ, ಹಣ ಮಾತ್ರ ಬರುವುದಿಲ್ಲ. ಕರ್ನಾಟಕದಲ್ಲಿ ಈಗಷ್ಟೇ ಓದು ಮುಗಿಸಿದವರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಮೊದಲು ಹೆಸರು ಸರಿಪಡಿಸಿ

ಯೋಜನೆಯ ಹೆಸರು ಹುಡುಕುವುದಕ್ಕೂ ಮುಂಚೆ ನಿಮ್ಮ ಹೆಸರನ್ನೇ ಒಮ್ಮೆ ನೋಡಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ನಮ್ಮಲ್ಲಿ ಇನಿಷಿಯಲ್‌ನದೇ ದೊಡ್ಡ ರಗಳೆ. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಇರುವ ಅಕ್ಷರ ಆಧಾರ್‌ನಲ್ಲಿ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನಲ್ಲಿ ಅದು ತಂದೆಯ ಪೂರ್ತಿ ಹೆಸರಾಗಿ ಬೆಳೆದಿರುತ್ತದೆ. ಮನುಷ್ಯರು ಓದಿದರೆ ಒಬ್ಬರೇ ಎಂದು ತಿಳಿಯುತ್ತದೆ, ಕಂಪ್ಯೂಟರಿಗೆ ಇವರು ಮೂವರು.

ತಿದ್ದುವಾಗ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವಾಗಿ ಇಟ್ಟುಕೊಂಡು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸುವುದು ಜಾಣತನ, ಏಕೆಂದರೆ ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ, ಜನ್ಮದಿನಾಂಕಕ್ಕೆ 1 ಸಲ ಮಾತ್ರ ಅವಕಾಶ. ಹಾಗಾಗಿ ಕೇಂದ್ರದಲ್ಲಿ ಕುಳಿತವರು ಟೈಪು ಮಾಡಿದ್ದನ್ನು ಪರದೆಯ ಮೇಲೆ ನೀವೇ ಓದಿ ಒಪ್ಪಿದ ಮೇಲೆಯೇ ಮುಂದುವರಿಯಲು ಬಿಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಕೈಯಲ್ಲೇ ಇದೆಯೇ ಎಂಬುದನ್ನೂ ನೋಡಿ. ಹತ್ತನೇ ತರಗತಿಯಲ್ಲಿದ್ದಾಗ ಕೊಟ್ಟ ಅಪ್ಪನ ಹಳೆಯ ನಂಬರಿಗೆ ಒಟಿಪಿ ಹೋಗುತ್ತಿದ್ದರೆ ಮುಂದಿನ ಯಾವ ಕೆಲಸವೂ ಆಗದು.

ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಿದ್ದರೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ಹೆಚ್ಚಿನ ಕಡೆ ಕೇಳುತ್ತಾರೆ.

ಹಣ ಯಾವ ಖಾತೆಗೆ ಬರುತ್ತದೆ?

'ಆಧಾರ್ ಲಿಂಕ್ ಆಗಿದೆ' ಎಂದು ಬ್ಯಾಂಕಿನವರು ಹೇಳಿದರೆ ಅಲ್ಲಿಗೇ ನಿಲ್ಲಬೇಡಿ. ಖಾತೆಗೆ ಆಧಾರ್ ಜೋಡಿಸುವುದು ಒಂದು ಕೆಲಸ, ಸರ್ಕಾರದ ನೇರ ನಗದು ವರ್ಗಾವಣೆಗೆ (ಡಿಬಿಟಿ) ಆ ಖಾತೆಯನ್ನು ಗುರುತಿಸಿಡುವ ಸೀಡಿಂಗ್ ಬೇರೆಯೇ ಕೆಲಸ. ಎರಡನೆಯದು ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ದಾಖಲಾಗಬೇಕು. ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಕೊನೆಯದಾಗಿ ಸೀಡಿಂಗ್ ಮಾಡಿಸಿದ ಬ್ಯಾಂಕಿಗೇ ಹಣ ಹೋಗುತ್ತದೆ. ಕಾಲೇಜಿನ ದಿನಗಳಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತ ಖಾತೆಗೆ ಹಣ ಸೇರಿರುವ ಪ್ರಕರಣಗಳು ಕಡಿಮೆಯೇನಲ್ಲ. 'ಹಣವೇ ಬಂದಿಲ್ಲ' ಎನ್ನುವವರು ಮೊದಲು ಆ ಹಳೆಯ ಪಾಸ್‌ಬುಕ್ ಹುಡುಕಿ ನಮೂದು ಮಾಡಿಸಲಿ.

ಇದನ್ನು ಮನೆಯಲ್ಲೇ ತಿಳಿಯಬಹುದು. ಆಧಾರ್ ಪ್ರಾಧಿಕಾರದ 'ಮೈ ಆಧಾರ್' ತಾಣಕ್ಕೆ ಒಟಿಪಿ ಮೂಲಕ ಹೋಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದರೆ ಯಾವ ಬ್ಯಾಂಕ್, ಸಕ್ರಿಯವಾಗಿದೆಯೇ ಇಲ್ಲವೇ ಎಂಬುದು ಕಾಣುತ್ತದೆ. ಅಲ್ಲಿ ಏನೂ ಕಾಣದಿದ್ದರೆ ಶಾಖೆಗೆ ಹೋಗಿ 'ಡಿಬಿಟಿಗಾಗಿ ಸೀಡಿಂಗ್ ಮಾಡಿಕೊಡಿ' ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಯುವನಿಧಿ ಯಾರಿಗೆ?

ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಯದಾಗಿ ಜಾರಿಗೆ ಬಂದದ್ದು ಯುವನಿಧಿ. ನೋಂದಣಿ 2023ರ ಡಿಸೆಂಬರ್ 26ರಂದು ಆರಂಭವಾಯಿತು. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಹಣ ವರ್ಗಾವಣೆಗೆ ಚಾಲನೆ ದೊರೆಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ. ಕೆಲಸ ಸಿಗುವವರೆಗೆ ಅಥವಾ 2 ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ ಕೊಡುತ್ತಾರೆ.

2022-23ನೇ ಶೈಕ್ಷಣಿಕ ಸಾಲಿನಲ್ಲಿ ಅಥವಾ ಅದರ ನಂತರ ತೇರ್ಗಡೆಯಾಗಿರಬೇಕು. ಫಲಿತಾಂಶ ಬಂದು 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಪದವಿ ಅಥವಾ ಡಿಪ್ಲೊಮಾವರೆಗಿನ ಓದಿನಲ್ಲಿ ಕನಿಷ್ಠ 6 ವರ್ಷ ಕರ್ನಾಟಕದಲ್ಲೇ ಓದಿರಬೇಕು, ಅದಕ್ಕೇ ಶಾಲೆ ಮತ್ತು ಪಿಯುಸಿ ಅಂಕಪಟ್ಟಿಗಳನ್ನು ಜೋಪಾನವಾಗಿಡಿ. ಉನ್ನತ ವ್ಯಾಸಂಗಕ್ಕೆ ಸೇರಿದವರು, ಶಿಷ್ಯವೇತನ ಪಡೆಯುತ್ತಿರುವ ಅಪ್ರೆಂಟಿಸ್‌ಗಳು, ಸರ್ಕಾರಿ ಅಥವಾ ಖಾಸಗಿ ಉದ್ಯೋಗಿಗಳು, ಸರ್ಕಾರದ ಯೋಜನೆಯಲ್ಲಿ ಸಾಲ ಪಡೆದು ಸ್ವಂತ ಉದ್ಯೋಗ ಹಿಡಿದವರು, ಇವರು ಯಾರಿಗೂ ಇದು ಸಿಗದು. ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಮುಂದೆ ಹೇಳುವ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಅರ್ಜಿ ಹಾಕುವುದು ಸೇವಾ ಸಿಂಧು ತಾಣದಲ್ಲಿ. ಮನೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಿವೆ. ನಿಮ್ಮ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಸೇರಿವೆಯೇ ಎಂದು ಡಿಜಿಲಾಕರ್‌ನಲ್ಲಿ ಮುಂಚೆಯೇ ನೋಡಿ. ಅಲ್ಲಿ ಇಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ, ವಿಶ್ವವಿದ್ಯಾಲಯ ಹಾಕಿಲ್ಲ ಎಂದರ್ಥ. ಪರೀಕ್ಷಾ ವಿಭಾಗಕ್ಕೆ ನೋಂದಣಿ ಸಂಖ್ಯೆ ಸಮೇತ ಒಂದು ಪತ್ರ ಬರೆಯಬೇಕಾಗುತ್ತದೆ.

ಅರ್ಜಿ ಮಂಜೂರಾಯಿತೆಂದು ಮರೆತು ಕೂರುವಂತಿಲ್ಲ. 'ನಾನಿನ್ನೂ ನಿರುದ್ಯೋಗಿ, ಮುಂದಿನ ಓದಿಗೂ ಸೇರಿಲ್ಲ' ಎಂಬ ಸ್ವಯಂ ಘೋಷಣೆಯನ್ನು ನಿಗದಿತ ಅವಧಿಗೆ ತಪ್ಪದೆ ಸಲ್ಲಿಸುತ್ತಿರಬೇಕು. ಎರಡು ಕಂತು ಬಂದು ಮೂರನೆಯದು ನಿಂತುಹೋಯಿತು ಎನ್ನುವವರು ಮೊದಲು ಈ ಘೋಷಣೆ ಸಲ್ಲಿಸಿದ್ದೇವೆಯೇ ಎಂದು ನೋಡಬೇಕು. ಕೆಲಸ ಸಿಕ್ಕ ಮೇಲೂ ಘೋಷಣೆ ಕೊಡುತ್ತಾ ಹೋಗಬೇಡಿ. ಭವಿಷ್ಯನಿಧಿಯ ದಾಖಲೆಯಲ್ಲಿ ನಿಮ್ಮ ಆಧಾರ್ ಇರುತ್ತದೆ, ಸಿಕ್ಕಿಬೀಳುವುದು ಸುಲಭ.

ಅಪ್ರೆಂಟಿಸ್‌ಷಿಪ್: ಲೆಕ್ಕ ಹಾಕಿದರೆ ಇದೇ ಮೇಲು

ಯುವನಿಧಿಯ ಸದ್ದಿನಲ್ಲಿ ಮರೆತುಹೋಗಿರುವ ದಾರಿಯಿದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಂಪನಿಗಳು ತರಬೇತಿ ಅಭ್ಯರ್ಥಿಗಳನ್ನು ತೆಗೆದುಕೊಂಡು ಶಿಷ್ಯವೇತನ ಕೊಡಬೇಕು. ಇದಕ್ಕೆ ಕೇಂದ್ರದ ಎರಡು ಯೋಜನೆಗಳಿವೆ. ಪದವಿ, ಡಿಪ್ಲೊಮಾದವರಿಗೆ ಮುಖ್ಯವಾಗಿ ಶಿಕ್ಷಣ ಸಚಿವಾಲಯದ ಎನ್‌ಎಟಿಎಸ್. ಐಟಿಐ ಮುಗಿಸಿದವರು ಮತ್ತು ಶಾಲಾ ಹಂತದವರಿಗೆ ಮುಖ್ಯವಾಗಿ 2016ರಲ್ಲಿ ಆರಂಭವಾದ ಎನ್‌ಎಪಿಎಸ್. ಎರಡಕ್ಕೂ ಪ್ರತ್ಯೇಕ ಪೋರ್ಟಲ್ ಇದೆ, ನೋಂದಣಿಗೆ ಶುಲ್ಕವಿಲ್ಲ.

2019ರಲ್ಲಿ ಪರಿಷ್ಕೃತವಾದ ನಿಯಮದ ಪ್ರಕಾರ ಕನಿಷ್ಠ ಶಿಷ್ಯವೇತನ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000, ಐಟಿಐನವರಿಗೆ 7,000 ರೂಪಾಯಿ. ಇದಕ್ಕಿಂತ ಹೆಚ್ಚು ಕೊಡುವ ಕಂಪನಿಗಳಿವೆ, ಕಡಿಮೆ ಕೊಡುವಂತಿಲ್ಲ. ಈಗ ಲೆಕ್ಕ ಹಾಕೋಣ. ಪದವೀಧರರೊಬ್ಬರು ಯುವನಿಧಿಯನ್ನು ಪೂರ್ತಿ 2 ವರ್ಷ ಪಡೆದರೆ ಒಟ್ಟು 72,000 ರೂಪಾಯಿ, ಅದಕ್ಕೆ ಮುಂಚೆ 6 ತಿಂಗಳು ಬರಿಗೈ. ಅದೇ ಒಂದು ವರ್ಷದ ಅಪ್ರೆಂಟಿಸ್‌ಷಿಪ್‌ನಲ್ಲಿ ಕನಿಷ್ಠ 1,08,000 ರೂಪಾಯಿ, ಜೊತೆಗೆ ಪ್ರಮಾಣಪತ್ರ, ಕೆಲಸದ ಅನುಭವ. ಡಿಪ್ಲೊಮಾದವರಿಗೆ ಅಂತರ ಇನ್ನೂ ದೊಡ್ಡದು: 36,000ಕ್ಕೆ ಎದುರಾಗಿ 96,000. ಕಂಪನಿ ಇರುವ ಊರಿನಲ್ಲಿ ಉಳಿಯುವ ಖರ್ಚನ್ನು ಇದರಲ್ಲಿ ಕಳೆಯಬೇಕು ನಿಜ. ಬೆಂಗಳೂರಿನಲ್ಲಿ 9,000ದಲ್ಲಿ ಬದುಕುವುದು ಹೇಗೆ ಎಂಬ ಪ್ರಶ್ನೆಗೆ ನನ್ನಲ್ಲೂ ಒಳ್ಳೆಯ ಉತ್ತರವಿಲ್ಲ. ಆದ್ದರಿಂದ ಮನೆಯಿಂದ ಓಡಾಡಬಹುದಾದ ಜಿಲ್ಲೆಯ ಕೈಗಾರಿಕೆ, ಬ್ಯಾಂಕ್, ಸಾರಿಗೆ ನಿಗಮಗಳ ಅಧಿಸೂಚನೆಗಳನ್ನು ಮೊದಲು ನೋಡಿ.

ಒಪ್ಪಂದಕ್ಕೆ ಸಹಿ ಹಾಕುವಾಗ ಅದು ಪೋರ್ಟಲ್‌ನಲ್ಲಿ ದಾಖಲಾದ ಒಪ್ಪಂದವೇ ಎಂದು ಖಚಿತಪಡಿಸಿಕೊಳ್ಳಿ. ಬರಿಯ ಕಾಗದದ ಮೇಲೆ 'ಟ್ರೈನಿ' ಎಂದು ಬರೆಸಿಕೊಂಡು ದುಡಿಸುವವರ ಬಳಿ ಈ ಕಾಯ್ದೆಯ ರಕ್ಷಣೆ ಇರುವುದಿಲ್ಲ. ಅಪ್ರೆಂಟಿಸ್‌ಷಿಪ್ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕೆಂಬ ನಿಯಮವೂ ಇಲ್ಲ, ಆ ನಿರೀಕ್ಷೆಯಲ್ಲಿ ಸೇರಬೇಡಿ.

ಇನ್ನೂ ಓದುವ ಆಸೆಯಿದ್ದರೆ

ಇಲ್ಲಿ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ವಿದ್ಯಾರ್ಥಿವೇತನಗಳದೇ ಬೇರೆ ಲೇಖನವಾದೀತು. ರಾಜ್ಯದ ವಿದ್ಯಾರ್ಥಿವೇತನಗಳಿಗೆಲ್ಲ ಎಸ್‌ಎಸ್‌ಪಿ ಎಂಬ ಒಂದೇ ತಾಣ. ಸಾಲ ಬೇಕಿದ್ದರೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಇದೆ: ಪಟ್ಟಿಯಲ್ಲಿರುವ ಉತ್ತಮ ಶ್ರೇಯಾಂಕದ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಜಾಮೀನಿಲ್ಲದ ಸಾಲ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಮರುಪಾವತಿ ಆರಂಭವಾಗುವ ತನಕ, ಶೇ 3ರ ಬಡ್ಡಿ ರಿಯಾಯಿತಿ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ನೋಡಿದ ಮೇಲೆಯೇ ಪ್ರವೇಶ ಶುಲ್ಕ ಕಟ್ಟಿ.

ಸ್ವಂತ ಉದ್ಯೋಗ: ಸಬ್ಸಿಡಿ ಕೈಗೆ ಬರುವುದಿಲ್ಲ

'ಪಿಎಂಇಜಿಪಿಯಲ್ಲಿ ಮೂರೂವರೆ ಲಕ್ಷ ಉಚಿತ' ಎಂದು ಹೇಳುವವರನ್ನು ನಂಬಿ ಮುಂದೆ ಹೋಗುವ ಮುನ್ನ ಅದು ನಡೆಯುವ ಬಗೆ ತಿಳಿಯಿರಿ. ಹೊಸ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ, 2008ರಲ್ಲಿ ಆರಂಭವಾದ ಈ ಕೇಂದ್ರ ಯೋಜನೆಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ನೋಡಿಕೊಳ್ಳುತ್ತದೆ, ಜಿಲ್ಲೆಯಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕವೂ ಅರ್ಜಿ ಹೋಗುತ್ತದೆ. 18 ತುಂಬಿರಬೇಕು. ಹೊಸ ಘಟಕಕ್ಕೆ ಮಾತ್ರ, ಈಗಾಗಲೇ ನಡೆಯುತ್ತಿರುವ ಅಂಗಡಿಗೆ ಇಲ್ಲ. 2022ರ ಪರಿಷ್ಕರಣೆಯ ನಂತರ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚ ಒಪ್ಪಿತ. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು.

ಸಹಾಯಧನ ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಗ್ರಾಮೀಣದಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಅಂಗವಿಕಲರು ಮೊದಲಾದವರಿಗೆ ಶೇ 25 ಮತ್ತು ಶೇ 35. ಹಳ್ಳಿಯ ಯುವತಿಯೊಬ್ಬರು 10 ಲಕ್ಷದ ಅಡಿಕೆ ತಟ್ಟೆ ಘಟಕ ಹಾಕುತ್ತಾರೆ ಎನ್ನೋಣ. ಅವರ ಸ್ವಂತ ಪಾಲು ಶೇ 5, ಅಂದರೆ 50,000 ರೂಪಾಯಿ. ಉಳಿದ 9.5 ಲಕ್ಷವನ್ನು ಬ್ಯಾಂಕ್ ಸಾಲವಾಗಿ ಕೊಡುತ್ತದೆ. ಸರ್ಕಾರದ 3.5 ಲಕ್ಷ ಅವರ ಕೈಗೆ ಬಾರದೆ ಅದೇ ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಮೂರು ವರ್ಷದ ಬಳಿಕ ಘಟಕ ನಿಜವಾಗಿ ನಡೆಯುತ್ತಿದೆಯೇ ಎಂದು ಪರಿಶೀಲಿಸಿ ಸಾಲಕ್ಕೆ ಜಮಾ ಮಾಡುತ್ತಾರೆ. ಅರ್ಧದಲ್ಲಿ ಬೀಗ ಹಾಕಿದರೆ ಪೂರ್ತಿ ಸಾಲ ತಲೆಯ ಮೇಲೆ.

ಮುದ್ರಾ ಸಾಲದಲ್ಲಿ ಸಬ್ಸಿಡಿಯೇ ಇಲ್ಲ. ಜಾಮೀನು ಕೇಳುವಂತಿಲ್ಲ ಎಂಬುದೇ ಅದರ ಅನುಕೂಲ. ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಅವಕಾಶವಿದೆ.

ಸಾಲಕ್ಕಿಂತ ಮುಂಚೆ ಕಸುಬು ಕಲಿಯಿರಿ ಎಂಬುದು ನನ್ನ ಹಟ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕ್‌ಗಳು ಸೇರಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯನ್ನೇ ಮುಂದೆ ಇಡೀ ದೇಶ ಆರ್‌ಸೆಟಿ ಎಂಬ ಹೆಸರಿನಲ್ಲಿ ಅನುಸರಿಸಿತು. ಊಟ, ವಸತಿ ಸಹಿತ ಉಚಿತ ತರಬೇತಿ. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆ, ಫೋಟೊಗ್ರಫಿ ಹೀಗೆ ಹಲವು ಕಸುಬುಗಳಿವೆ. ತರಬೇತಿ ಮುಗಿಸಿದವರ ಸಾಲದ ಅರ್ಜಿಯ ಬೆನ್ನಿಗೆ ಸಂಸ್ಥೆಯೇ ನಿಲ್ಲುತ್ತದೆ. ಯೋಜನಾ ವರದಿ ಬರೆಸಲು ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಿಂತ ಇದು ಎಷ್ಟೋ ಮೇಲು.

ಕೆಲಸ ಸಿಕ್ಕವರಿಗೂ ಒಂದಿದೆ

2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಪಿಎಂ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಅನ್ವಯಿಸುತ್ತದೆ. ಭವಿಷ್ಯನಿಧಿಗೆ ಮೊದಲ ಬಾರಿ ಸೇರುವ, ತಿಂಗಳ ಸಂಬಳ 1 ಲಕ್ಷದೊಳಗಿನ ನೌಕರರಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ. 6 ತಿಂಗಳು ದುಡಿದ ಮೇಲೆ ಒಂದು ಕಂತು, 12 ತಿಂಗಳಾಗಿ ಹಣಕಾಸು ಸಾಕ್ಷರತೆಯ ಪಾಠ ಮುಗಿಸಿದ ಮೇಲೆ ಇನ್ನೊಂದು. 'ಮೊದಲ ಬಾರಿ' ಎಂಬುದೇ ಇಲ್ಲಿ ಮುಖ್ಯ. ಎರಡು ತಿಂಗಳ ಯಾವುದೋ ಕಾಲ್ ಸೆಂಟರ್ ಕೆಲಸದಲ್ಲಿ ಪಿಎಫ್ ಕಡಿತವಾಗಿದ್ದರೂ ಈ ಅವಕಾಶ ಹೋಯಿತು. ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆದವರು ಭವಿಷ್ಯನಿಧಿಯ ಲೆಕ್ಕದಲ್ಲಿ ನೌಕರರಲ್ಲವಾದ್ದರಿಂದ ಅವರಿಗೆ ಈ ಬಾಗಿಲು ತೆರೆದೇ ಇರುತ್ತದೆ.

ಅರ್ಜಿ ಎಲ್ಲೋ ಸಿಕ್ಕಿಕೊಂಡರೆ

ಜಾತಿ, ಆದಾಯ ಪ್ರಮಾಣಪತ್ರಗಳಂಥ ಸೇವೆಗಳು ರಾಜ್ಯದ ಸಕಾಲ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅರ್ಜಿ ಕೊಟ್ಟಾಗ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಸಿಗಬೇಕು, ಕೊಡದಿದ್ದರೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಆ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರಕ್ಕೂ ಅವಕಾಶವಿದೆ. 500 ರೂಪಾಯಿಗಾಗಿ ಯಾರೂ ಮೇಲ್ಮನವಿ ಹಾಕುವುದಿಲ್ಲ, ಆದರೆ ಮೇಲ್ಮನವಿ ಬಂತೆಂದರೆ ಕಡತ ಕದಲುತ್ತದೆ.

ಉಳಿದ ಕಡೆಗಳಲ್ಲಿ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 'ನನಗೆ ಏಕೆ ಕೊಟ್ಟಿಲ್ಲ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ಹೀಗೆ ಕೇಳಿ: ಇಂಥ ಸಂಖ್ಯೆಯ ನನ್ನ ಅರ್ಜಿ ಯಾವ ದಿನಾಂಕದಂದು ಯಾವ ಹುದ್ದೆಯ ಅಧಿಕಾರಿಯ ಬಳಿಗೆ ಹೋಯಿತು, ಅವರು ಏನು ಷರಾ ಬರೆದರು, ಆ ಪುಟದ ದೃಢೀಕೃತ ಪ್ರತಿ ಕೊಡಿ.