ಹಾಳೆಯ ಹಿಂಬದಿಗೂ ಬರೆಯಿರಿ: ಸಣ್ಣ ಮಕ್ಕಳ ಚಿತ್ರ ಕಾಪಿಡುವ ಬಗೆ

ಮೂರು-ನಾಲ್ಕು ವರ್ಷದ ಕೂಸು ಹಾಳೆ ಹಿಡಿದು ಓಡಿ ಬಂದರೆ ದೊಡ್ಡವರು ಮೊದಲು ಕೇಳುವುದು, "ಇದೇನ ತಗದೀಯಪಾ?" ಅಂತ. ಆ ಪ್ರಶ್ನೆಯೇ ಬೇಡ. ತಾನು ತೆಗೆದದ್ದು ಇವರಿಗೆ ತಿಳಿಯಲಿಲ್ಲ ಅನ್ನುವುದು ಕೂಸಿಗೆ ತಕ್ಷಣ ಗೊತ್ತಾಗುತ್ತದೆ. "ಇದರ ಕತಿ ಹೇಳು ನೋಡೋಣು" ಅನ್ನಿ, ಪಕ್ಕಕ್ಕೆ ಕೂಡಿಸಿಕೊಳ್ಳಿ, ಹೇಳಿದ್ದನ್ನು ಅದರ ಮಾತಿನಲ್ಲೇ ಹಾಳೆಯ ಹಿಂದೆ ಬರೆಯಿರಿ. ಚಿತ್ರದಷ್ಟೇ ಬೆಲೆ ಆ ಎರಡು ಸಾಲಿಗೂ ಇದೆ.

ಟ್ರ್ಯಾಕ್ಟರಿಗೆ ಅರ್ಧ ಗಾಲಿ ಹಾಕಿದ್ದರೆ ನಾವು "ಇನ್ನರ್ಧ ಮರತಿ ನೋಡು" ಅಂತೀವಿ. ಕತಿ ಕೇಳಿದರೆ ಹೊರಗೆ ಬರುವುದೇ ಬೇರೆ: "ಕಬ್ಬ ಹೇರ್ಯಾರ, ಗಾಲಿ ಕೆಸರಾಗ ಹುಗದೈತಿ." ಮುಧೋಳ, ಜಮಖಂಡಿ, ಗೋಕಾಕ ಕಡೆಯ ಹುಡುಗರಿಗೆ ಇದು ದಿನಾ ಕಣ್ಣಿಗೆ ಬೀಳುವ ನೋಟ. ಆ ಮಾತು ಬರೆದಿಡದಿದ್ದರೆ ಹತ್ತು ವರ್ಷದ ಮೇಲೆ ಹಾಳೆ ತೆಗೆದು ನೋಡಿದವರಿಗೆ ಅದು ಬರೀ ಅರ್ಧ ಗಾಲಿ. ಮಾತಿನ ಕೆಳಗೆ ತಾರೀಖು, ವಯಸ್ಸನ್ನು ತಿಂಗಳ ಸಮೇತ ಹಾಕಿ. ಬರೆಯುವುದು ಮೆತ್ತನೆ ಪೆನ್ಸಿಲಿನಲ್ಲಿ, ಒಂದು ಮೂಲೆಯಲ್ಲಿ, ಒತ್ತದೆ. ಬಾಲ್‌ಪೆನ್ನಿನ ಗುರುತು ಮುಂಬದಿಗೆ ಮೂಡುತ್ತದೆ, ಜೆಲ್ ಪೆನ್ನಿನ ಶಾಯಿ ಸೋರುತ್ತದೆ.

ಪ್ರತಿ ಹಾಳೆಗೂ "ಭಾರೀ ಆಗೈತಿ" ಅನ್ನುವುದೂ ಕೆಲಸಕ್ಕೆ ಬಾರದು. ನೋಡದೇ ಹೇಳಿದ ಮಾತು ಅಂತ ಮಕ್ಕಳು ಬೇಗ ಹಿಡಿಯುತ್ತಾರೆ. ಕಂಡದ್ದನ್ನು ಹೇಳಿ: "ಕೆಂಪು ಮೂಲಿತನಾ ತುಂಬೀದಿ", "ಈ ಸಲ ಎಮ್ಮಿಗೆ ಕೋಡ ಬಂದಾವು". ಅಷ್ಟು ಸಾಕು. ಬಹುಮಾನ, ಚಾಕ್ಲೇಟು ಯಾವುದೂ ಬೇಡ.

ವಯಸ್ಸಿಗೆ ತಕ್ಕ ಬೆಳವಣಿಗೆ ತಿಳಿದಿದ್ದರೆ ತಿದ್ದುವ ಚಪಲ ತಾನೇ ಕಡಿಮೆಯಾಗುತ್ತದೆ. ಒಂದೂವರೆ-ಎರಡು ವರ್ಷಕ್ಕೆ ಬರೀ ಗೀಚು. ಮೂರರ ಹೊತ್ತಿಗೆ ತುದಿ ಕೂಡಿದ ದುಂಡಗಿನ ಗೆರೆ. ಅದರಾಚೆ ತಲೆಯಿಂದಲೇ ಕಾಲು ಇಳಿಯುವ ಮನುಷ್ಯ ಬರುತ್ತಾನೆ, ಹೊಟ್ಟೆ ಇರುವುದಿಲ್ಲ. ಐದಾರಕ್ಕೆ ಕೆಳಗೆ ನೆಲದ ಗೆರೆ, ಮೇಲೆ ಮುಗಿಲಿನ ನೀಲಿ ಪಟ್ಟಿ, ನಡುವೆ ಖಾಲಿ. ಗೋಳಗುಮ್ಮಟದ ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ನಾಲ್ಕು ಮಿನಾರುಗಳಿವೆ. ವಿಜಯಪುರದ ಹುಡುಗ ಆ ನಾಲ್ಕನ್ನೂ ಒಂದೇ ಸಾಲಿಗೆ ನಿಲ್ಲಿಸಿದರೆ ತಪ್ಪು ಅನ್ನಬೇಡಿ. ನಾಲ್ಕಿವೆ ಅಂತ ಅವನಿಗೆ ಗೊತ್ತು, ಗೊತ್ತಿದ್ದನ್ನು ತೆಗೆದಿದ್ದಾನೆ. ನಿಂತ ಜಾಗದಿಂದ ಎಷ್ಟು ಕಾಣುತ್ತವೆ ಅನ್ನುವ ಲೆಕ್ಕ ಇನ್ನೂ ಕೆಲವು ವರ್ಷದ ಮಾತು.

"ಎತ್ತ ತಗದ ಕೊಡು" ಅಂತ ಗಂಟು ಬಿದ್ದರೂ ನೀವು ತೆಗೆದುಕೊಡಬೇಡಿ. ನಿಮ್ಮ ಎತ್ತಿನ ಪಕ್ಕ ತನ್ನದನ್ನಿಟ್ಟು ನೋಡಿ "ನನಗ ಬರಂಗಿಲ್ಲ" ಅಂತ ಪೆನ್ಸಿಲ್ ಇಟ್ಟುಬಿಡುತ್ತದೆ. ದನದ ಕೊಟ್ಟಿಗೆಗೆ, ಗೂಟಕ್ಕೆ ಕರೆದೊಯ್ದು ಎತ್ತನ್ನೇ ತೋರಿಸಿ: ಕೋಡು ಎಲ್ಲಿಂದ ಹುಟ್ಟಿದೆ, ಇಣಿ (ಹೆಗಲ ಮೇಲಿನ ಡುಬ್ಬ) ಎಲ್ಲಿದೆ, ಬಾಲ ಎಷ್ಟುದ್ದ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಒಂದು ಮುಷ್ಟಿ ಮಣ್ಣನ್ನು ಅದರ ಕೈಗೂ ಕೊಡಿ. ಕಾಲು ನಾಲ್ಕನ್ನೂ ಬೆರಳಿನಿಂದ ಹಚ್ಚಿದ ಮೇಲೆ ಹಾಳೆಯ ಮೇಲೆ ಬರುವ ಎತ್ತಿನ ಚಂದವೇ ಬೇರೆ.

ಎಡಗೈಯಲ್ಲಿ ಹಿಡಿದರೆ ಬಲಗೈಗೆ ಬದಲಿಸಬೇಡಿ, ಹಿರಿಯರು ಎಷ್ಟೇ ಗೊಣಗಲಿ. ಹಾಳೆಯ ಎಡ ಮೇಲ್ಮೂಲೆ ಎತ್ತರಕ್ಕೆ ಬರುವಂತೆ ಸ್ವಲ್ಪ ಓರೆ ಇಟ್ಟುಕೊಟ್ಟರೆ ಬಣ್ಣ ಕೈಗೆ ಒರೆಸಿಕೊಳ್ಳುವುದು ಕಡಿಮೆಯಾಗುತ್ತದೆ.

ಸಾಮಾನು ಹೆಚ್ಚು ಬೇಡ. 24 ಬಣ್ಣದ ಡಬ್ಬಿಗಿಂತ ನಾಲ್ಕು ದಪ್ಪ ಮೇಣದ ಬಣ್ಣದ ಕಡ್ಡಿ ಲೇಸು. ನಾಲ್ಕು ವರ್ಷ ದಾಟಿದ ಮಗುವಿಗೆ ಕಡ್ಡಿಯನ್ನು ಒಂದು ಇಂಚಿಗೆ ಮುರಿದು ಕೊಡಿ: ತುಂಡು ಸಣ್ಣದಾದರೆ ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ. ಮೂರರೊಳಗಿನ ಕೂಸಿಗೆ ತುಂಡು ಕೊಡಬಾರದು, ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕೀತು. ಸ್ಕೆಚ್ ಪೆನ್ನಿಗೆ ಒತ್ತುವ ಕೆಲಸವೇ ಇಲ್ಲ, ಹೀಗಾಗಿ ಕೈಗೆ ಬಲ ಬರುವುದಿಲ್ಲ. ಒತ್ತಿದರೆ ಮೊನೆ ಒಳಗೆ ಹೋಗುತ್ತದೆ. ದಿನದ ಗೀಚಿಗೆ ಒಂದು ಬದಿ ಖಾಲಿ ಇರುವ ಝೆರಾಕ್ಸ್ ಹಾಳೆ ಸಾಕು, ಒಮ್ಮೆಗೆ ಐದಾರು. ನೀರು ಬಣ್ಣಕ್ಕೆ ಮಾತ್ರ 180-200 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಡ್ರಾಯಿಂಗ್ ಶೀಟ್ ತನ್ನಿ. 75 ಜಿಎಸ್‌ಎಂ ಹಾಳೆ ನೀರು ಕುಡಿದು ಮುದುಡುತ್ತದೆ, ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತದೆ. ಹಾಳೆ ಮುಗಿದ ದಿನ ಮನೆಯ ಶಹಾಬಾದ ಫರಸಿ (ಕಲ್ಲುಹಾಸಿನ ನೆಲ) ಇದ್ದೇ ಇದೆ. ಚಾಕ್‌ಪೀಸ್ ಕೊಟ್ಟು ಬಿಡಿ, ಒದ್ದೆ ಅರಿವೆಯಿಂದ ಒರೆಸಿದರೆ ಹೋಗುತ್ತದೆ.

ಗೋಡೆ ಮೇಲೆ ಗೀಚಿದರೆ ಹೊಡೆಯುವ ಮುಂಚೆ ಗೋಡೆ ಎಂಥದ್ದು ನೋಡಿ. ಆಯಿಲ್ ಪೇಂಟ್ ಇದ್ದರೆ ಬಿಸಿನೀರಿನ ಅರಿವೆ, ಚಿಟಿಕೆ ಅಡುಗೆ ಸೋಡಾ ಸಾಕು. ಡಿಸ್ಟೆಂಪರ್ ತಿಕ್ಕಿದರೆ ಬಣ್ಣವೇ ಎದ್ದು ಬರುತ್ತದೆ, ಅದನ್ನು ಮುಂದಿನ ಸಲ ಬಣ್ಣ ಬಳಿಯುವತನಕ ಹಾಗೇ ಬಿಡುವುದು ಜಾಣತನ. ಸುಣ್ಣದ ಗೋಡೆಗೆ ನೇರ ಸುಣ್ಣ ಬಳಿದರೆ ಮೇಣ ಅದನ್ನು ಹಿಡಿಯಗೊಡದು, ಗೀಚು ಹಾಗೇ ಇಣುಕುತ್ತದೆ. ಮೊದಲು ಚಮಚದ ಅಂಚಿನಿಂದ ಮೇಣ ಕೆರೆದು ಆಮೇಲೆ ಬಳಿಯಿರಿ. ಪಡಸಾಲೆಯ ಒಂದು ಮೂಲೆಯಲ್ಲಿ ನೆಲದಿಂದ ಮೂರು ಅಡಿ ಎತ್ತರಕ್ಕೆ ಕಪ್ಪು ಹಲಗೆಯ ಬಣ್ಣ ಬಳಿದುಕೊಟ್ಟರೆ ಜಗಳವೇ ಇಲ್ಲ.

ತೂಗುಹಾಕುವುದು ಮಗುವಿನ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು ಮೂರು ಅಡಿಗೆ. ಎರಡು ಮೊಳೆ, ಒಂದು ಹುರಿ, ಬಟ್ಟೆಯ ಕ್ಲಿಪ್ಪು. ಸೆಲೋಟೇಪ್ ಬೇಡ, ಅಂಟು ಹಳದಿಯಾಗಿ ಹಾಳೆಗೆ ಕಲೆ ಕೂಡುತ್ತದೆ. ಪಡುವಣ ಕಿಟಕಿಯ ಎದುರೂ ಬೇಡ: ನಮ್ಮ ಬಿಸಿಲಿಗೆ ಸ್ಕೆಚ್ ಪೆನ್ನಿನ ಬಣ್ಣ ಬಹಳ ಬೇಗ ಮಾಸುತ್ತದೆ. ಪೆನ್ಸಿಲ್, ಮೇಣದ ಬಣ್ಣ ಹೆಚ್ಚು ತಾಳುತ್ತವೆ. ನಿಮ್ಮೂರ ಸಂತೆಯ ದಿನ ಹಳೆಯದನ್ನು ಇಳಿಸಿ ಹೊಸದು ಹಾಕುವ ರೂಢಿ ಇಟ್ಟುಕೊಂಡರೆ ಮರೆಯುವುದಿಲ್ಲ. ಯಾವುದು ಮೇಲೇರಬೇಕು ಅನ್ನುವುದು ಮಗುವಿನ ಮರ್ಜಿ.

ಎಲ್ಲವನ್ನೂ ಇಡಲಾಗದು, ಇಡಲೂಬಾರದು. ಗಂಟು ಕಟ್ಟಿ ಅಟ್ಟಕ್ಕೆಸೆದದ್ದನ್ನು ಯಾರೂ ಬಿಚ್ಚುವುದಿಲ್ಲ. ತಿಂಗಳಿಗೆ ಎರಡು ಅಥವಾ ಮೂರು ಆರಿಸಿ. ಅಂದವಾದದ್ದಕ್ಕಿಂತ ಹೊಸದೇನಾದರೂ ಮೊದಲ ಸಲ ಕಾಣಿಸಿದ್ದನ್ನು ಇಡಿ: ಮೊದಲ ದುಂಡಗೆರೆ, ಮೊದಲ ಮೂಗು, ಮೊದಲ ಸಲ ಬರೆದ ಹೆಸರು, ಅಕ್ಷರ ತಿರುವುಮುರುವಾಗಿದ್ದರೂ ಸರಿ. ಮಡಿಚಬೇಡಿ, ಸುರುಳಿ ಸುತ್ತಬೇಡಿ, ಪೋಸ್ಟರ್ ಬಣ್ಣ ಸೀಳಿ ಉದುರುತ್ತದೆ. ಎ4 ಹಾಳೆ ಚಪ್ಪಟೆ ಕೂಡುವಂಥ ಸೀರೆಯ ರಟ್ಟಿನ ಡಬ್ಬಿ ಸಿಕ್ಕರೆ ಅದೇ ಸಾಕು. ಎರಡು ಚಿತ್ರದ ನಡುವೆ ಬಟರ್ ಪೇಪರ್ ಇಡಿ. ಪೇಪರ್ ಅಂದರೆ ಪತ್ರಿಕೆಯಲ್ಲ, ಅದರ ಮಸಿ ಹತ್ತುತ್ತದೆ, ಹಳದಿ ಬಣ್ಣವೂ ಇಳಿಯುತ್ತದೆ. ಮೇಣದ ಬಣ್ಣದ ಚಿತ್ರವನ್ನು ಲ್ಯಾಮಿನೇಷನ್ನಿಗೆ ಕೊಟ್ಟರೆ ಕಾದ ಉರುಳೆಯಲ್ಲಿ ಮೇಣ ಕರಗಿ ಎಲ್ಲ ಕಲಸಿಹೋಗುತ್ತದೆ.

ಡಬ್ಬಿ ಇಡುವ ಜಾಗ ಊರಿನ ಹವೆ ನೋಡಿ ಗೊತ್ತು ಮಾಡಬೇಕು. ವಿಜಯಪುರ, ಬಾಗಲಕೋಟೆಯ ಬ್ಯಾಸಗಿಯಲ್ಲಿ ಪತ್ರಾಸಿನ (ತಗಡಿನ ಮಾಡಿನ) ಕೆಳಗಿನ ಅಟ್ಟ ಕಾದು ಮೇಣ ಮೆತ್ತಗಾಗಿ ಹಾಳೆಗೆ ಹಾಳೆ ಹತ್ತಿಕೊಳ್ಳುತ್ತವೆ. ಕೆಳಗಿನ ಕಪಾಟೇ ಸರಿ. ಬೆಳಗಾವಿ, ಖಾನಾಪುರದ ಕಡೆ ಶತ್ರು ಮಳೆಗಾಲದ ತೇವ. ಡಬ್ಬಿ ಇಟ್ಟ ಟ್ರಂಕನ್ನು ಇಟ್ಟಿಗೆಯ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಮಳೆ ನಿಂತ ಮೇಲೆ ಒಂದು ಒಣ ದಿನ ನೆರಳಲ್ಲಿ ಹರವಿ ಗಾಳಿಯಾಡಿಸಿ. ಬೇವಿನ ಎಲೆ ಹಾಕುವುದಾದರೆ ಗರಗರಿ ಒಣಗಿಸಿ ಅರಿವೆಯಲ್ಲಿ ಕಟ್ಟಿ ಹಾಕಿ, ಹಸಿ ಎಲೆ ಹಾಕಿದರೆ ಬೂಷ್ಟು ಅದೇ ತರುತ್ತದೆ. ಮಕ್ಕಳ ಕೈಗೆ ಎಟಕುವ ಕಡೆ ಡಾಂಬರು ಗುಳಿಗೆ ಬೇಡವೇ ಬೇಡ.

ಉಳಿದವನ್ನು ಮಗುವಿನ ಕಣ್ಣೆದುರು ಒಲೆಗೆ, ಕಸಕ್ಕೆ ಹಾಕಬೇಡಿ. ಫೋಟೋ ತೆಗೆದಿಟ್ಟುಕೊಳ್ಳಿ: ಹಾಳೆ ನೆಲದ ಮೇಲೆ, ಬಾಗಿಲ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ, ಹಿಂಬದಿಯ ಬರಹದ್ದೂ ಒಂದು. ಆಮೇಲೆ ಅವೇ ಹಾಳೆಯಿಂದ ಮದುವೆ ಆಹೇರಿಯ ಪಾಕೀಟು ಮಾಡಿ, ಪುಸ್ತಕಕ್ಕೆ ರಟ್ಟು ಹಾಕಿ, ಸಂಕ್ರಮಣಕ್ಕೆ ಕುಸರೆಳ್ಳು (ಸಕ್ಕರೆ ಪಾಕ ಹಚ್ಚಿದ ಎಳ್ಳು) ಕಟ್ಟಿ ಅಜ್ಜಿಗೆ ಕಳಿಸಿ. ಕಳಿಸುವಾಗ ಬಣ್ಣದ ಬದಿ ಹೊರಗೆ ಬರುವಂತೆ ಮಡಿಚಿ, ಎಳ್ಳಿಗೆ ಬಣ್ಣ ಹತ್ತಬಾರದು.