ಕುಕ್ಕರ್ ಕೂಗುವ ಮೊದಲೇ ಬೆಂದ ಬೀಫ್

ದಕ್ಷಿಣ ಕೊರಿಯಾದ ಸುವೋನ್‌ಗೆ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಬೀಫನ್ನು ಮಂಗಳೂರಿನ ಲೆಕ್ಕದಲ್ಲೇ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಅದು ಭಾನುವಾರದ ಅಡುಗೆ. ತುಂಡು ಮಾಡಿ, ಕುಕ್ಕರ್ ಏಳೆಂಟು ಸಲ ಕೂಗಿಸಿ, ಆಮೇಲೆ ಮಸಾಲೆ, ಕಾಯಿ ಚೂರು ಹಾಕಿ ಹುರಿಯಬೇಕು. ರಾತ್ರಿ ಎಂಟಕ್ಕೆ ಮನೆ ಸೇರುವವನು ಅದನ್ನೆಲ್ಲ ಎಲ್ಲಿ ಮಾಡುವುದು? ಹಾಗಾಗಿ ಮೂರು ತಿಂಗಳು ಬರೀ ರಾಮ್ಯನ್ ನೂಡಲ್ಸ್ ತಿಂದೆ.

ಕಣ್ಣು ತೆರೆಸಿದ್ದು ಮನೆ ಹತ್ತಿರದ ಮಾಂಸದ ಅಂಗಡಿ. ಇಲ್ಲಿ ಮಾಂಸ ಕೇಳಿದರೆ 'ಯಾವ ಅಡುಗೆಗೆ' ಎಂದು ಕೇಳುತ್ತಾರೆ. ಬುಲ್ಗೋಗಿಗೆ, ಅಂದರೆ ಸೋಯಾ ಸಾಸ್‌ನಲ್ಲಿ ಕಲಸಿ ಹುರಿಯುವ ಕೊರಿಯಾದ ಬೀಫ್ ಅಡುಗೆಗೆ, ಎಂದರೆ ಅರೆ ಹೆಪ್ಪುಗಟ್ಟಿದ ಮಾಂಸವನ್ನು ಮೆಷಿನ್‌ಗೆ ಕೊಟ್ಟು ಕಾಗದದ ಹಾಗೆ ತೆಳ್ಳಗೆ, ಎರಡು ಮಿಲಿಮೀಟರ್ ದಪ್ಪಕ್ಕೆ, ಹೆರೆದು ಕೊಡುತ್ತಾರೆ. ಮಾರುವುದು 'ಗನ್' ಲೆಕ್ಕದಲ್ಲಿ. ಮಾಂಸಕ್ಕೆ ಒಂದು ಗನ್ ಅಂದರೆ 600 ಗ್ರಾಂ. ನನ್ನೊಬ್ಬನಿಗೆ ಅರ್ಧ ಗನ್ ಎರಡು ಊಟಕ್ಕೆ ಬರುತ್ತದೆ. ಸ್ಥಳೀಯ ದನದ ತಳಿ 'ಹನ್‌ವೂ' ಮಾಂಸದ ಬೆಲೆ ಕೇಳಿಯೇ ಹೊಟ್ಟೆ ತುಂಬುತ್ತದೆ. ನಾನು ಕೊಳ್ಳುವುದು ಆಸ್ಟ್ರೇಲಿಯಾದ್ದು, ಅಷ್ಟೇ.

'ಬುಲ್' ಅಂದರೆ ಬೆಂಕಿ, 'ಗೋಗಿ' ಅಂದರೆ ಮಾಂಸ. ಹೆಸರು ಕೇಳಿ ಖಾರ ಇರಬೇಕು ಅಂದುಕೊಂಡಿದ್ದೆ. ಖಾರ ಇಲ್ಲವೇ ಇಲ್ಲ, ಸಿಹಿ ಉಪ್ಪು ಎರಡೂ ಸೇರಿದ ರುಚಿ.

ಮೊದಲ ಸಲ ಮಾಡಿದ್ದು ಬಾಯಿಗಿಡಲಾಗಲಿಲ್ಲ. ತಪ್ಪು ಸೋಯಾ ಸಾಸ್‌ನದು. ಇಲ್ಲಿ ಸೋಯಾ ಸಾಸ್‌ಗೆ ಗಂಜಾಂಗ್ ಎನ್ನುತ್ತಾರೆ, ಅದರಲ್ಲೂ ಬಗೆ ಇದೆ. ನಾನು ತಂದಿದ್ದು 'ಗುಕ್ ಗಂಜಾಂಗ್'. ಗುಕ್ ಅಂದರೆ ಸಾರು. ಸಾರಿಗೆ ಒಂದು ಚಮಚ ಹಾಕುವ ಆ ಉಪ್ಪುಪ್ಪು ಸಾಸನ್ನು ಮೂರು ಚಮಚ ಸುರಿದಿದ್ದೆ. ಹುರಿಯುವ, ಬೇಯಿಸುವ ಅಡುಗೆಗೆ ಬೇಕಾದದ್ದು 'ಜಿನ್ ಗಂಜಾಂಗ್'. ಬಾಟಲಿ ಎರಡೂ ಒಂದೇ ಥರ ಕಪ್ಪು, ನನಗೆ ಆಗ ಅಕ್ಷರ ಬರುತ್ತಿರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಮನೆಗೆ ಬಂದು ಶೂ ಬಿಚ್ಚಿದ ಕೂಡಲೇ ಅಕ್ಕಿ ಇಡುತ್ತೇನೆ, ಯಾಕೆಂದರೆ ಜಾಸ್ತಿ ಹೊತ್ತು ಬೇಕಾಗುವುದು ಅನ್ನಕ್ಕೇ. ಇಲ್ಲಿನ ಗುಂಡು ಅಕ್ಕಿ ತುಸು ಅಂಟು. ಬೆಳಿಗ್ಗೆಯೇ ತೊಳೆದು ನೆನೆಸಿ ಫ್ರಿಜ್‌ನಲ್ಲಿ ಇಟ್ಟಿದ್ದರೆ, ನೀರು ಬಸಿದು ಅಕ್ಕಿಯಷ್ಟೇ ಅಳತೆ ಹೊಸ ನೀರು ಸಾಕು. ಊರಿನಿಂದ ತಂದ ಸೋನಾ ಮಸೂರಿಯಲ್ಲೂ ಮಾಡಿ ನೋಡಿದೆ. ಉದುರು ಅನ್ನ ಚಾಪ್‌ಸ್ಟಿಕ್‌ಗೆ ಸಿಗುವುದಿಲ್ಲ, ಕೈಯಲ್ಲೇ ಉಂಡೆ. ಅದೇನು ತಪ್ಪಲ್ಲ ಬಿಡಿ.

ಅನ್ನ ಆಗುವಷ್ಟರಲ್ಲಿ 300 ಗ್ರಾಂ ಮಾಂಸಕ್ಕೆ ಮೂರು ದೊಡ್ಡ ಚಮಚ ಜಿನ್ ಗಂಜಾಂಗ್, ಒಂದೂವರೆ ಚಮಚ ಸಕ್ಕರೆ, ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಕಾಲು ಭಾಗ ತುರಿದ ಕೊರಿಯನ್ ಪೇರ್ ಹಣ್ಣು ಹಾಕಿ ಕಲಸುತ್ತೇನೆ. ಈ ಪೇರ್ ದೊಡ್ಡದು, ರಸ ಜಾಸ್ತಿ. ಸಿಹಿಯ ಜೊತೆಗೆ ಮಾಂಸವನ್ನೂ ಮೆತ್ತಗೆ ಮಾಡುತ್ತದೆ. ಒಮ್ಮೆ ಪೇರ್ ಸಿಗದೆ ಕಿವಿ ಹಣ್ಣು ತುರಿದು ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮಾಂಸ ಹೋಗಿ ಗಂಜಿ! ಕಿವಿ ಹಣ್ಣಿನಲ್ಲಿರುವ ಕಿಣ್ವ ಅಷ್ಟು ಜೋರು. ಒಂದು ಸಣ್ಣ ಚಮಚ, ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಪೇರ್ ಆದರೂ ಈ ತೆಳು ಮಾಂಸಕ್ಕೆ ಹದಿನೈದು ನಿಮಿಷ ಸಾಕು.

ಹುರಿಯುವಾಗ ಅವಸರ ಮಾಡಬಾರದು. ನಾನು ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಿದ್ದೆ. ಬಾಣಲೆ ತಣ್ಣಗಾಗಿ, ಮಾಂಸ ನೀರು ಬಿಟ್ಟು, ಬೂದು ಬಣ್ಣದಲ್ಲಿ ಕುದಿಯುತ್ತಿತ್ತು. ಈಗ ರಸ ಬಸಿದು, ಅಗಲ ಬಾಣಲೆಯನ್ನು ಹೊಗೆಯಾಡುವಷ್ಟು ಕಾಯಿಸಿ, ಎರಡು ಸಲಕ್ಕೆ ಹಾಕುತ್ತೇನೆ. ಒಂದೊಂದು ಸಲಕ್ಕೆ ಎರಡು ಮೂರು ನಿಮಿಷ. ಅಂಚು ಸ್ವಲ್ಪ ಕರಿಯಾಗಬೇಕು, ಸಕ್ಕರೆ ಸುಟ್ಟ ಆ ಘಮವೇ ಬುಲ್ಗೋಗಿ. ಆಮೇಲೆ ಅದೇ ಬಾಣಲೆಗೆ ಈರುಳ್ಳಿ, ಈರುಳ್ಳಿ ಹೂವು, ಬಸಿದ ರಸ. ಅದು ಹಸಿ ಮಾಂಸದ ರಸ, ಚೆನ್ನಾಗಿ ಕುದಿಯಲೇಬೇಕು. ಒಲೆ ಆರಿಸಿದ ಮೇಲೆ ಒಂದು ಚಮಚ ಎಳ್ಳೆಣ್ಣೆ. ಹುರಿದ ಎಳ್ಳಿನದ್ದು, ನಮ್ಮಲ್ಲಿ ತಲೆಗೆ ಹಚ್ಚುವ ಎಣ್ಣೆಯಲ್ಲ.

ಬಟ್ಟಲಲ್ಲಿ ಬಿಸಿ ಅನ್ನ, ಮೇಲೆ ಮಾಂಸ, ಅದರ ಮೇಲೆ ಆ ರಸ. ಪಕ್ಕಕ್ಕೆ ಕಿಮ್ಚಿ, ಅಂದರೆ ಹುಳಿ ಬರಿಸಿದ ಎಲೆಕೋಸು, ಇದ್ದರೆ ಸಾಕು.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮ ಪೂರ್ತಿ ನೋಡಿದರು. 'ಕುಕ್ಕರ್ ಇಡ್ಲೇ ಇಲ್ವಲ್ಲ, ಬೆಂದಿದೆಯಾ ಮಾರಾಯ?' ಅಂದರು. ತುಂಡು ತೋರಿಸಿದೆ, ನಂಬಲಿಲ್ಲ. ಮರುವಾರ ಅವರೇ ಕೋಳಿ ತೊಡೆಯ ಮಾಂಸವನ್ನು ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು, ತೆಳ್ಳಗೆ ಕೊಯ್ದು ಮಾಡಿದರಂತೆ. ಪೇರ್ ಬದಲು ಸೇಬು. ಜೊತೆಗೆ ಎರಡು ಹಸಿಮೆಣಸು ಸೀಳಿ ಹಾಕಿದ್ದನ್ನು ಮಾತ್ರ ಕೊನೆಗೆ ಹೇಳಿದರು.