ಹಳೇ ಗೋಡೆಯ ತೇವ ಹೋಗಿದ್ದು ಹೀಗೆ

1898ರ ಪ್ಲೇಗ್ ಆದಮೇಲೆ ಬೆಳೆದ ಬಡಾವಣೆ ನಮ್ಮ ಬಸವನಗುಡಿ. ನಮ್ಮದೂ ಇಟ್ಟಿಗೆ, ಸುಣ್ಣದ ಗಾರೆಯ ಹಳೇ ಮನೆ. ಹಜಾರದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ, ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತಿತ್ತು. ವಾಟರ್‌ಪ್ರೂಫ್ ಪೇಂಟ್ ಹೊಡೆಸಿ ಅಂದವರೇ ಜಾಸ್ತಿ. ಸುಮ್ನೆ ದುಡ್ಡು ದಂಡ! ಹಿಂದೆ ಯಾರೋ ಮೆತ್ತಿಸಿದ್ದ ಸಿಮೆಂಟೇ ತೇವವನ್ನು ಒಳಗೆ ಕಟ್ಟಿಹಾಕಿತ್ತು. "ಗೋಡೆಗೆ ಉಸಿರು ಕಟ್ಟಿದೆ ಸಾರ್" ಅಂದರು ಮೇಸ್ತ್ರಿ. ಸಿಮೆಂಟ್ ಪೂರ್ತಿ ಕೆತ್ತಿಸಿ, ಇಟ್ಟಿಗೆ ಚೆನ್ನಾಗಿ ಒಣಗಲು ಬಿಟ್ಟು, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆದು, ಆಮೇಲೆ ಅರಳಿಸಿದ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಕಲಸಿ ತೆಳುವಾಗಿ ಪದರ ಪದರವಾಗಿ ಗಾರೆ ಮಾಡಿಸಿದೆವು. ಬೇಗ ಒಣಗಿದರೆ ಬಿರುಕು ಬಿಡುತ್ತದೆ, ದಿನಾ ನೀರು ಚಿಮುಕಿಸಬೇಕು. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ, ಬರೀ ಸುಣ್ಣ ಬಳಿಯಿರಿ. ಈ ಮಳೆಗಾಲದಲ್ಲಿ ಗೋಡೆ ಉಬ್ಬಿಲ್ಲ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ, ವಯಸ್ಸಾದವರನ್ನು ವಿಚಾರಿಸಿ.